ಹನ್ನೆರಡು ಜನ, ಮೂರು ಕೋರ್ಟು, ಒಂದು ಆ್ಯಪ್

ನಮ್ಮ ಟೆನಿಸ್ ಕ್ಲಬ್ಬಿನಲ್ಲಿ ಭಾನುವಾರದ ಮಿಕ್ಸೆಡ್ ಡಬಲ್ಸ್ ಜೋಡಿಗಳನ್ನು ಈಗ ಆ್ಯಪ್ ಹಾಕುತ್ತದೆ. ಮೊದಲು ಸೆಕ್ರೆಟರಿ ಹಾಕುತ್ತಿದ್ದರು, ಜಗಳವೂ ಅವರ ಜೊತೆಗೇ ನಡೆಯುತ್ತಿತ್ತು. ಈಗ "ಆ್ಯಪ್ ಹಾಗೆ ಹಾಕಿದೆ, ನಾನೇನು ಮಾಡ್ಲಿ ಸಾರ್" ಅಂದರೆ ಮಾತು ಮುಗಿಯಿತು. ಸೆಕ್ರೆಟರಿಗೆ ನೆಮ್ಮದಿ, ಅದು ಒಳ್ಳೆಯದೇ. ಆದರೆ ಆ್ಯಪ್ ಹಾಕಿದ ಮೇಲೆ ಯಾರಿಗೂ ಅನ್ಯಾಯ ಆಗಿಲ್ಲ ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ನನ್ನ ತಕರಾರು ಅಲ್ಲೇ.

ಕ್ಲಬ್ಬಿನ ದಂಪತಿಗಳದ್ದು ಒಂದೇ ಬೇಡಿಕೆ. ಗಂಡ ಹೆಂಡತಿ ಒಂದು ಟೀಮಿನಲ್ಲಿ ಬೇಡ, ಎದುರಾಳಿಗಳಾಗಿಯೂ ಬೇಡ. (ಕಾರಣ ಕೇಳಬೇಡಿ, ಮನೆಗೆ ಹೋಗುವುದು ಒಂದೇ ಕಾರಿನಲ್ಲಿ.) ಉಳಿದವರೆಲ್ಲರ ಜೊತೆ ಸಮನಾಗಿ ಆಡಲು ಸಿಗಬೇಕು. ನಾಲ್ಕು ದಂಪತಿ, ಎರಡು ಕೋರ್ಟು ಇದ್ದರೆ ಇದು ಆ್ಯಪ್ ಇಲ್ಲದೆಯೇ ಆಗುತ್ತದೆ. ದಂಪತಿಗಳಿಗೆ 1ರಿಂದ 4ರವರೆಗೆ ನಂಬರ್ ಕೊಡಿ. ಪ್ರತಿ ಟೀಮಿನಲ್ಲಿ ಮೊದಲ ಅಂಕಿ ಗಂಡ, ಎರಡನೆಯದು ಹೆಂಡತಿ ಅಂತ ಇಟ್ಟುಕೊಳ್ಳಿ. ಮೊದಲ ರೌಂಡಿನಲ್ಲಿ 1-4ಕ್ಕೆ ಎದುರು 2-3, ಪಕ್ಕದ ಕೋರ್ಟಿನಲ್ಲಿ 3-2ಕ್ಕೆ ಎದುರು 4-1. ಎರಡನೆಯದರಲ್ಲಿ 1-2ಕ್ಕೆ 3-4, 2-1ಕ್ಕೆ 4-3. ಮೂರನೆಯದರಲ್ಲಿ 1-3ಕ್ಕೆ 4-2, 2-4ಕ್ಕೆ 3-1. ಬೇಕಾದರೆ ಪರೀಕ್ಷೆ ಮಾಡಿ ನೋಡಿ, ಒಂದೂ ಜೋಡಿ ಮರುಕಳಿಸಿಲ್ಲ.

ಇಂಥ ಪಟ್ಟಿ ಎಷ್ಟು ದಂಪತಿಗಳಿದ್ದರೆ ಸಾಧ್ಯ ಅನ್ನುವುದನ್ನು ಐಬಿಎಂನ ಗಣಿತಜ್ಞರಾದ ಬ್ರೇಟನ್, ಕಾಪರ್‌ಸ್ಮಿತ್, ಹಾಫ್‌ಮನ್ 1974ರಲ್ಲಿ ಪ್ರಕಟಿಸಿದರು. ಎರಡು, ಮೂರು, ಆರು ದಂಪತಿಗಳಿದ್ದಾಗ ಆಗುವುದಿಲ್ಲ. ಉಳಿದ ಎಲ್ಲಾ ಸಂಖ್ಯೆಗೂ ಆಗುತ್ತದೆ. ಆರು ದಂಪತಿ ಅಂದರೆ ಹನ್ನೆರಡು ಜನ, ಸರಿಯಾಗಿ ಮೂರು ಕೋರ್ಟು. ನಮ್ಮ ಕ್ಲಬ್ಬಿನಲ್ಲಿರುವುದೇ ಅಷ್ಟು!

ಈ ಆರರ ಕಾಟ ಹಳೆಯದು. 1782ರಲ್ಲಿ ಅಚ್ಚಾದ ಗಣಿತಜ್ಞ ಆಯ್ಲರ್ ಲೇಖನದ 36 ಸೇನಾಧಿಕಾರಿಗಳ ಒಗಟಿನಲ್ಲೂ ಇದೇ ಆರು ತೊಡಕಾಗಿತ್ತು. ಆರು ರೆಜಿಮೆಂಟುಗಳಿಂದ ಆರು ದರ್ಜೆಗಳ ಒಬ್ಬೊಬ್ಬ ಅಧಿಕಾರಿಯನ್ನು ತಂದು ಆರಕ್ಕೆ ಆರರ ಚೌಕದಲ್ಲಿ ನಿಲ್ಲಿಸಬೇಕು, ಅಡ್ಡ ಸಾಲಿನಲ್ಲಾಗಲಿ ಉದ್ದ ಸಾಲಿನಲ್ಲಾಗಲಿ ರೆಜಿಮೆಂಟೂ ದರ್ಜೆಯೂ ಮರುಕಳಿಸಬಾರದು. ಆರರ ಬದಲು 10, 14 ಮುಂತಾದವು ಇದ್ದರೂ ಆಗುವುದಿಲ್ಲ ಅಂತ ಆಯ್ಲರ್ ಊಹಿಸಿದ್ದರು. ಆ ಊಹೆ ತಪ್ಪು ಅಂತ 1959ರಲ್ಲಿ ಗಣಿತಜ್ಞರಾದ ಬೋಸ್, ಶ್ರೀಖಂಡೆ, ಪಾರ್ಕರ್ ತೋರಿಸಿದರು. (ಶ್ರೀಖಂಡೆ ಹುಟ್ಟಿದ್ದು ಸಾಗರದಲ್ಲಿ. ಶಿವಮೊಗ್ಗದವರು ಹಿಗ್ಗಬೇಡಿ, ಅದು ಮಧ್ಯಪ್ರದೇಶದ ಸಾಗರ.) ಆದರೆ ಆರು ಮಾತ್ರ ಬಗ್ಗಲಿಲ್ಲ. ಹಾಗಾಗಿ ಹನ್ನೆರಡು ಜನ ಬಂದ ದಿನ ಆ್ಯಪ್ ಕೊಡುವ ಪಟ್ಟಿಯಲ್ಲಿ ಯಾರಿಗೋ ಒಬ್ಬರಿಗೆ ಕೊರತೆ ಆಗಿಯೇ ಆಗುತ್ತದೆ. ಅದಕ್ಕೆ ಬೇಜಾರಿಲ್ಲ. ಯಾರಿಗೆ ಆಯಿತು ಅಂತ ಅದು ಹೇಳುವುದಿಲ್ಲ, ಅದು ಬೇಜಾರು.

ಇದನ್ನಾದರೂ ಸಹಿಸಬಹುದು. ರೇಟಿಂಗ್ ಸಹವಾಸ ನನಗೆ ಸಾಕಾಗಿದೆ. ಎಲ್ಲರಿಗೂ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಬೇಕು, ಎರಡೂ ಕಡೆಯ ಮೊತ್ತ ಸಮ ಆಗುವಂತೆ ಆ್ಯಪ್ ಜೋಡಿ ಹಾಕುತ್ತದೆ. ಎಂಟರ ಗಂಡಸು, ಮೂರರ ಹೆಂಗಸು, ಒಟ್ಟು ಹನ್ನೊಂದು. ಎದುರಿಗೆ ಆರು ಮತ್ತು ಐದು, ಅದೂ ಹನ್ನೊಂದು. ಆ್ಯಪ್ ಲೆಕ್ಕಕ್ಕೆ ಸರಿಸಮ. ಕೋರ್ಟಿನಲ್ಲಿ ಏನಾಗುತ್ತದೆ? ಎದುರಿನ ಇಬ್ಬರೂ ಪ್ರತಿ ಚೆಂಡನ್ನು ಆ ಮೂರರ ಕಡೆಗೇ ಹೊಡೆಯುತ್ತಾರೆ. ಎಂಟರ ಮಹಾಶಯರು "ಬಿಡಿ ಬಿಡಿ, ನಾನು ತಗೋತೀನಿ" ಅಂತ ಕೋರ್ಟಿನ ತುಂಬಾ ಓಡಾಡುತ್ತಾರೆ. ಆಕೆ ನೆಟ್ ಹತ್ತಿರ ಸುಮ್ನೆ ನಿಂತಿರುತ್ತಾರೆ. ತನ್ನ ಸರ್ವ್ ಬಂದಾಗ, ತನ್ನ ಕಡೆ ಬಂದ ಸರ್ವ್ ವಾಪಸ್ ಕೊಡುವಾಗ ಮಾತ್ರ ಚೆಂಡು ಸಿಗುತ್ತದೆ, ಅದೂ ನಿಯಮ ಇರುವುದರಿಂದ. ಸ್ಕೋರ್ 6-5 ಬರುತ್ತದೆ, ಆ್ಯಪ್ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತದೆ. ಹೊಸದಾಗಿ ಆಡಲು ಬಂದ ಹೆಂಗಸರು ಮುಂದಿನ ವಾರ ಯಾಕೆ ಬರುವುದಿಲ್ಲ ಅಂತ ಕಮಿಟಿಯಲ್ಲಿ ಚರ್ಚೆ ಬೇರೆ! ಮೊತ್ತ ಬಿಡಿ, ನಾಲ್ಕೂ ಜನ ಹತ್ತಿರ ಹತ್ತಿರದ ಮಟ್ಟದವರಿರಲಿ. ಕೊಡಗಿನ ರೋಹನ್ ಬೋಪಣ್ಣ 2017ರಲ್ಲಿ ಫ್ರೆಂಚ್ ಓಪನ್ ಮಿಕ್ಸೆಡ್ ಗೆದ್ದಾಗ ಜೊತೆಗಿದ್ದ ಗೇಬ್ರಿಯೇಲಾ ದಾಬ್ರೋವ್ಸ್ಕಿ ಕೂಡ ಡಬಲ್ಸ್‌ನಲ್ಲಿ ಪಳಗಿದವರೇ. ಅವರಿಗೆ ಯಾರೂ "ಬಿಡಿ ಬಿಡಿ" ಅನ್ನುವ ಹಾಗಿರಲಿಲ್ಲ.

ಇನ್ನು ತಲೆ ಎಣಿಕೆ. ಒಂಬತ್ತು ಗಂಡಸರು, ಐದು ಹೆಂಗಸರು ಬಂದರು ಅಂದುಕೊಳ್ಳಿ. ಸಿಕ್ಕಿದ್ದು ಎರಡೇ ಕೋರ್ಟು, ಆರು ರೌಂಡು, ಎಲ್ಲವೂ ಮಿಕ್ಸೆಡ್ ಅಂದರೆ ಹೆಂಗಸರಿಗೆ ಹೆಚ್ಚುಕಮ್ಮಿ ತಲಾ ಐದು ಮ್ಯಾಚ್, ಉಸಿರು ಬಿಡಲೂ ಪುರುಸೊತ್ತಿಲ್ಲ. ಗಂಡಸರಿಗೆ ಎರಡೋ ಮೂರೋ, ಉಳಿದ ಹೊತ್ತು ಬೆಂಚು. ರೌಂಡು ಬಿಟ್ಟು ರೌಂಡು ಒಂದು ಕೋರ್ಟಿನಲ್ಲಿ ಗಂಡಸರ ಡಬಲ್ಸ್ ಆಡಿಸಿದರೆ ಎಲ್ಲರಿಗೂ ಮೂರೋ ನಾಲ್ಕೋ ಬರುತ್ತದೆ. ಮಿಕ್ಸೆಡ್ ಅಂತ ಒತ್ತಿದ ಮೇಲೆ ಆ್ಯಪಿಗೆ ಇದು ಹೊಳೆಯುವುದಿಲ್ಲ, ನಾವೇ ಹೇಳಬೇಕು.

ಅಷ್ಟಾದರೂ ಕೈಯಲ್ಲೇ ಪಟ್ಟಿ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಯಾರು ಎಷ್ಟು ಸಲ ಬೆಂಚಿನಲ್ಲಿ ಕೂತರು ಅಂತ ನೆನಪಿಡುವುದರಲ್ಲಿ ಆ್ಯಪನ್ನು ಮೀರಿಸುವವರಿಲ್ಲ. ಆ ಕೆಲಸಕ್ಕೆ ಇರಲಿ. ಇನ್ನೊಂದು ಸೌಲಭ್ಯವೂ ಬೇಕೇ ಬೇಕು. ವಾಟ್ಸಾಪಿನಲ್ಲಿ ರಾತ್ರಿ "ಬರ್ತೀನಿ" ಅಂದವರು ಬೆಳಿಗ್ಗೆ ಕೈ ಕೊಡುತ್ತಾರೆ, ಆಡುತ್ತಾ ಆಡುತ್ತಾ ಯಾರದೋ ಮಂಡಿ ಹಿಡಿಯುತ್ತದೆ. ಆಗ ಆಡಿ ಮುಗಿದ ರೌಂಡುಗಳನ್ನು ಹಾಗೇ ಉಳಿಸಿ, ಮುಂದಿನದನ್ನು ಮಾತ್ರ ಹೊಸದಾಗಿ ಹಾಕಬೇಕು. ನಮ್ಮ ಆ್ಯಪ್ ಒಬ್ಬರ ಹೆಸರು ತೆಗೆದರೆ ಮೊದಲ ರೌಂಡಿನಿಂದಲೇ ಎಲ್ಲವನ್ನೂ ಕಲಸಿಬಿಡುತ್ತದೆ. ದುಡ್ಡು ಕಟ್ಟಿದರೆ ಆ ಸೌಲಭ್ಯ ಸಿಗುತ್ತದಂತೆ. ಕಮಿಟಿಗೆ ಅರ್ಜಿ ಹಾಕಿದ್ದೇನೆ, "ನೋಡೋಣ" ಅಂದಿದ್ದಾರೆ.