ಬೆಳೆದರೆ ಸಾಲದು, ಅಟ್ಟವೂ ತುಂಬಬೇಕು

ಕೆಲಸ ಬಿಟ್ಟು ಮಲೆನಾಡಿಗೆ ಹೋಗಬೇಕು, ಎರಡೆಕರೆ ಜಾಗ ತಗೊಂಡು ನಮಗೆ ಬೇಕಾದ್ದು ನಾವೇ ಬೆಳೆದುಕೊಂಡು ಇರಬೇಕು. ಜರ್ಮನಿಯ ಲೈಪ್ಜಿಗ್‌ನಲ್ಲಿ ನಾವು ಕನ್ನಡದವರು ಸೇರಿದಾಗೆಲ್ಲ ಈ ಮಾತು ಬಂದೇ ಬರುತ್ತದೆ. ಚಳಿ ಜಾಸ್ತಿಯಾದಷ್ಟೂ ಈ ಮಾತೂ ಜಾಸ್ತಿ. ನಾನು ತೀರ್ಥಹಳ್ಳಿ ಕಡೆಯವನು, ಸುಮ್ನೆ ಕೇಳಿಸಿಕೊಳ್ಳುತ್ತೇನೆ. ಅವರ ಲೆಕ್ಕದಲ್ಲಿ ಬಿತ್ತುವುದು, ಕೊಯ್ಯುವುದು ಎಲ್ಲ ಇರುತ್ತದೆ. ಮಳೆಗಾಲ ಮಾತ್ರ ಇರುವುದಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಅಂಥ ಮಳೆಗೆ ಟೊಮೆಟೊ ಗಿಡ ಬುಡದಿಂದಲೇ ಕೊಳೆಯುತ್ತದೆ. ಹಾಗಾಗಿ ಆ ನಾಲ್ಕು ತಿಂಗಳು ನಮ್ಮ ಕಡೆ ಮನೆ ಸಾಕಿದ್ದು ಹಿತ್ತಲಿಗಿಂತ ಹೆಚ್ಚಾಗಿ ಅಟ್ಟ. ಬಿಸಿಲಿರುವಾಗಲೇ ಹಲಸಿನ ಹಪ್ಪಳ ಒಣಗಬೇಕು. ಹಲಸಿನ ಸೊಳೆ ಉಪ್ಪುನೀರಿಗೆ ಬೀಳಬೇಕು. ಅಪ್ಪೆಮಿಡಿ ಭರಣಿ ಸೇರಬೇಕು. ಬಾಳಕದ ಮೆಣಸು, ಸಂಡಿಗೆ, ಮುರುಗಲ ಸಿಪ್ಪೆ, ವಾಟೆಹುಳಿ, ಜೊತೆಗೆ ಮಳೆ ಮುಗಿಯುವವರೆಗೆ ಸಾಕಾಗುವಷ್ಟು ಒಣ ಸೌದೆ. ಬಣ್ಣದ ಸೌತೆಕಾಯಿಗೆ ಬಾಳೆಪಟ್ಟೆ ಸುತ್ತಿ ಜಂತೆಗೆ ನೇತು ಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಳೆ ಹಿಡಿದ ಮೇಲೆ ಕಾಡೂ ಒಂದಿಷ್ಟು ಕೊಡುತ್ತದೆ: ಕಳಲೆ ಅಂದರೆ ಎಳೆ ಬಿದಿರು, ಅಣಬೆ, ಕೆಸುವಿನ ಎಲೆ. ಆದರೆ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿಡದೆ ತಿನ್ನುವ ಹಾಗಿಲ್ಲ. ಕೆಸುವಿಗೆ ಸಾಕಷ್ಟು ಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಇಷ್ಟು ಗೊತ್ತಿಲ್ಲದವನಿಗೆ ಎರಡೆಕರೆಯಲ್ಲ, ಹತ್ತೆಕರೆ ಇದ್ದರೂ ಸಂತೆಯೇ ಗತಿ.

ಇಲ್ಲಿ ಜರ್ಮನಿಯವರಿಗೆ ಚಳಿಗಾಲವೇ ಮಳೆಗಾಲ. ಎಲೆಕೋಸು ಉಪ್ಪಿನಲ್ಲಿ ಹುಳಿ ಬರುತ್ತದೆ, ಪ್ಲಮ್ಮು, ಚೆರಿ ಗಾಜಿನ ಜಾಡಿಗಳಲ್ಲಿ ನೆಲಮಾಳಿಗೆ ಸೇರುತ್ತವೆ. ಬೆಳೆಯುವುದಕ್ಕೆ ಬಾಡಿಗೆ ತೋಟಗಳಿವೆ. ಊರಿನ ಒಳಗೇ, ರೈಲು ಹಳಿಯ ಪಕ್ಕದಲ್ಲೆಲ್ಲ ಸಾಲು ಸಾಲಾಗಿ. ಈ ತೋಟಗಳು 1860ರ ದಶಕದಲ್ಲಿ ಲೈಪ್ಜಿಗ್‌ನಲ್ಲಿ ಮಕ್ಕಳ ಆಟಕ್ಕೆ ಅಂತ ಮಾಡಿದ ಬಯಲಿನ ಅಂಚಿನಲ್ಲಿ ಶುರುವಾಗಿ, ತೀರಿಹೋಗಿದ್ದ ವೈದ್ಯ ಶ್ರೇಬರ್ ಹೆಸರಿನಲ್ಲೇ ದೇಶವಿಡೀ ಹರಡಿದವು. 1983ರ ಕಾನೂನಿನ ಪ್ರಕಾರ ಒಂದು ತುಂಡು 400 ಚದರ ಮೀಟರ್ ಮೀರಬಾರದು. ಅಂದರೆ ನಮ್ಮ ನಾಲ್ಕು ಗುಂಟೆಗೂ ಚೂರು ಕಡಿಮೆ. ಗುಡಿಸಲು ಕಟ್ಟಬಹುದು, 24 ಚದರ ಮೀಟರ್ ಒಳಗೆ, ಅಲ್ಲೇ ವಾಸ ಮಾಡುವಂತಿಲ್ಲ. ಕಡಿಮೆಯೆಂದರೂ ಮೂರನೇ ಒಂದು ಭಾಗದಲ್ಲಿ ಹಣ್ಣು ತರಕಾರಿ ಇರಲೇಬೇಕು, ಬರೀ ಹುಲ್ಲುಹಾಸು ಮಾಡಿಕೊಂಡು ಕೂತರೆ ತೋಟದ ಸಂಘದವರು ಬಂದು ಕೇಳುತ್ತಾರೆ. ಬೇಲಿಯ ಎತ್ತರಕ್ಕೂ ನಿಯಮ. ಮಲೆನಾಡಿನವನಿಗೆ ಇದೆಲ್ಲ ಸ್ವಲ್ಪ ಉಸಿರು ಕಟ್ಟಿಸುತ್ತದೆ. ಆದರೆ ಸ್ವಂತ ಅಂಗೈಯಗಲ ಮಣ್ಣಿಲ್ಲದವರೂ ಇಲ್ಲಿ ಬೀನ್ಸು, ಆಲೂಗಡ್ಡೆ ಕಿತ್ತು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ ಅನ್ನುವುದು ನಿಜ.

ನಮ್ಮೂರಲ್ಲಿ ಉಲ್ಟಾ. ಜಮೀನು ಇರುವವರ ಮನೆಗೂ ಬೀನ್ಸು, ಕೋಸು, ಟೊಮೆಟೊ ಬಯಲುಸೀಮೆಯಿಂದ ಬರುತ್ತದೆ. 'ರಾಶಿ' ದರ್ಜೆಯ ಅಡಿಕೆ ಕ್ವಿಂಟಾಲಿಗೆ 40,000 ರೂಪಾಯಿ ದಾಟಿದ ಮೇಲೆ ಭತ್ತದ ಗದ್ದೆಯೇ ಉಳಿಯಲಿಲ್ಲ, ಇನ್ನು ಬೆಂಡೆಕಾಯಿ ಯಾರಿಗೆ ಬೇಕು? ಅಡಿಕೆಗೆ ಎಲೆಚುಕ್ಕಿ ರೋಗ ಬಂದಾಗ ಮಾತ್ರ ಎಲ್ಲರಿಗೂ ಗದ್ದೆ ನೆನಪಾಗುತ್ತದೆ. ಹಿತ್ತಲು ಯಾಕೆ ಪಾಳು ಬಿಟ್ಟಿದ್ದೀರಿ ಅಂತ ಚಿಕ್ಕಮ್ಮನನ್ನು ಕೇಳಿದರೆ, 'ಎಂತ ಬೆಳೆಯೂದು ಮಾರಾಯ, ಎಲ್ಲ ಮಂಗನ ಪಾಲು' ಅನ್ನುತ್ತಾರೆ. ಸುಳ್ಳಲ್ಲ. ಮೊದಲು ಮನೆ ತುಂಬ ಜನ, ಕೂಗಿ ಓಡಿಸಲು ಹುಡುಗರು, ನಾಯಿ. ಈಗ ಇಬ್ಬರು ವಯಸ್ಸಾದವರು. ನಾವೆಲ್ಲ ಬೆಂಗಳೂರು, ಲೈಪ್ಜಿಗ್ ಅಂತ ಹೊರಟೆವಲ್ಲ.

ಹಿಂದೆ ಎಲ್ಲರೂ ಬೆಳೆದು ಉಣ್ಣುತ್ತಿದ್ದರು ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಭತ್ತ ಬೆಳೆದವನ ಕಣಜ ತುಂಬುತ್ತಿರಲಿಲ್ಲ, ಒಡೆಯನ ಕಣಜ ತುಂಬುತ್ತಿತ್ತು. ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳವೇ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಯಿತು. ಉಪ್ಪಂತೂ ಕರಾವಳಿಯಿಂದಲೇ ಘಟ್ಟ ಹತ್ತಬೇಕಿತ್ತು. ಇನ್ನು ಆ ಅಟ್ಟ ತುಂಬಿಸಿದ್ದು ಯಾರು? ಬೇಸಿಗೆಯಿಡೀ ಅಂಗಳದಲ್ಲಿ ಬೆನ್ನು ಬಗ್ಗಿಸಿ ಹಪ್ಪಳ ಹಚ್ಚಿದ ಹೆಂಗಸರು. ಎರಡೆಕರೆಯ ಕನಸು ಹೇಳುವ ಗೆಳೆಯರಲ್ಲಿ ಹಪ್ಪಳ ಹಚ್ಚುತ್ತೇನೆ ಅಂದವರನ್ನು ನಾನು ಇನ್ನೂ ನೋಡಿಲ್ಲ.

ಹಾಗಾಗಿ ನನಗೆ ಎರಡೆಕರೆ ಕೊಳ್ಳುವವರ ಮೇಲೆ ಅಷ್ಟು ಆಸೆ ಇಲ್ಲ. ಶಿವಮೊಗ್ಗ ಪೇಟೆಯ ಮೇಲೆ ಇದೆ. ಹೊಸ ಬಡಾವಣೆಗಳಲ್ಲಿ ಪಾರ್ಥೇನಿಯಂ ಬೆಳೆದು ನಿಂತ ಖಾಲಿ ಸೈಟು ಎಷ್ಟಿಲ್ಲ? ಹಳ್ಳಿಯಿಂದ ಬಂದು ಬಾಡಿಗೆ ಮನೆಯಲ್ಲಿರುವ, ಹಪ್ಪಳ, ಉಪ್ಪುಸೊಳೆ ಎಲ್ಲ ಬಲ್ಲ ಅಜ್ಜಿಯರೂ ಅಲ್ಲೇ ಇದ್ದಾರೆ. ಪಾಲಿಕೆಯವರು ಉದ್ಯಾನಕ್ಕೆ ಅಂತ ಬಿಟ್ಟ ಜಾಗದಲ್ಲೇ ಒಂದು ಮೂಲೆಯನ್ನು ತುಂಡು ಮಾಡಿ, ವರ್ಷಕ್ಕಿಷ್ಟು ಅಂತ ಬಾಡಿಗೆಗೆ ಕೊಡಲಿ. ಬಸಳೆ, ತೊಂಡೆ, ಹೀರೆ ಚಪ್ಪರ ಹಾಕಿಕೊಳ್ಳಲಿ. ಬೇಲಿ ಎಷ್ಟೆತ್ತರ ಅಂತ ಮಾತ್ರ ಯಾರೂ ಅಳೆಯುವುದು ಬೇಡ.