ಖಾಲಿ ಸೀಟು

ಶ್ರೀಲಂಕಾದಿಂದ ಬಂದು ನಾಲ್ಕು ದಿನವಾಯಿತು. ಮೊಣಕಾಲು ಮಾತ್ರ ಇನ್ನೂ ವಾಪಸ್ ಬಂದಿಲ್ಲ.

ಕ್ಯಾಂಡಿಯಿಂದ ದಂಬುಲ್ಲಕ್ಕೆ ಸುಮಾರು 72 ಕಿಲೋಮೀಟರ್. ಬಸ್ಸಿನಲ್ಲಿ ಹೋದರೆ ಹಳ್ಳಿಗಳನ್ನೂ ನೋಡಿದ ಹಾಗಾಯಿತು ಅಂದುಕೊಂಡೆ. ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದು ಬೆಳೆದವನು ನಾನು. ಇಲ್ಲಿ ನೋಡಿದರೆ ಬಾಗಿಲ ಪಕ್ಕದ ಮೊದಲ ಸೀಟೇ ಖಾಲಿ! ಹತ್ತಿದವರೆಲ್ಲ ಅದನ್ನು ದಾಟಿಕೊಂಡು ಹಿಂದೆ ಹೋಗುತ್ತಿದ್ದಾರೆ. ಪಾಪ, ಸೀಟು ಹಿಡಿಯುವ ವಿದ್ಯೆ ಇವರಿಗೆ ಗೊತ್ತಿಲ್ಲ ಅಂತ ಕನಿಕರಪಟ್ಟು ಕೂತೆ.

ಕಿಟಕಿಯ ಮೇಲೆ ಏನೋ ಬರೆದಿತ್ತು. ಸಿಂಹಳದ ಅಕ್ಷರಗಳು ನಮ್ಮವುಗಳ ಹಾಗೇ ದುಂಡು ದುಂಡು. ದೂರದಿಂದ ಕನ್ನಡವೇ, ಹತ್ತಿರ ಹೋದರೆ ಒಂದೂ ಬಾಯಿಗೆ ಬರುವುದಿಲ್ಲ. ‘ಕೈ, ತಲೆ ಹೊರಗೆ ಹಾಕಬೇಡಿ’ ಇರಬೇಕು ಅಂದುಕೊಂಡು ಕೈ ಒಳಗೆಳೆದುಕೊಂಡೆ.

ಕಂಡಕ್ಟರ್ ಬಂದ, ದುಡ್ಡು ತಗೊಂಡ, ನಕ್ಕ, ಹೋದ. ನನ್ನ ಸಿಟ್ಟೆಲ್ಲ ಇವನ ಮೇಲೆ. ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಮುಂದಿನ ಸ್ಟಾಪಿನಲ್ಲಿ ಒಬ್ಬ ಬೌದ್ಧ ಭಿಕ್ಷು ಹತ್ತಿದರು. ಬಸ್ಸಿಗೆ ಬಸ್ಸೇ ನನ್ನನ್ನು ನೋಡಿತು. ನಾನೂ ಎಲ್ಲರನ್ನೂ ನೋಡಿ ನಕ್ಕೆ. ಕೊನೆಗೆ ಹಿಂದಿನ ಸೀಟಿನ ಅಜ್ಜಿ ಬೋರ್ಡು ತೋರಿಸಿ, ಭಿಕ್ಷುವಿಗೆ ಕೈಮುಗಿದು, ನನ್ನತ್ತ ಅದೇ ಕೈ ಬೀಸಿದರು. ಏಳು ಅಂತ. ಅಲ್ಲಿ ಮೊದಲ ಸೀಟು ಧರ್ಮಗುರುಗಳಿಗೆ ಮೀಸಲಂತೆ.

ಮಾತಲೆಯಲ್ಲಿ ಅವರು ಇಳಿದರು. ಸೀಟು ಮತ್ತೆ ಖಾಲಿ. ಇಷ್ಟು ಜನ ನಿಂತಿದ್ದೇವೆ, ಒಬ್ಬರೂ ಅತ್ತ ನೋಡುತ್ತಿಲ್ಲ. ಎಷ್ಟೂಂತ ತಡೆಯುವುದು? ಪೂರ್ತಿ ಕೂತರೆ ತಾನೇ ತಪ್ಪು ಅಂತ ಅಂಚಿನಲ್ಲಿ ಒರಗಿದೆ. ಬಂತು ಅಲುವಿಹಾರೆ. ಬಾಯಿಪಾಠದಲ್ಲಿದ್ದ ಬುದ್ಧನ ಮಾತುಗಳನ್ನು ಎರಡು ಸಾವಿರ ವರ್ಷಗಳ ಹಿಂದೆ ಮೊದಲ ಸಲ ಬರೆದಿಟ್ಟ ಊರು. ಹತ್ತಿದವರು ಇಬ್ಬರು ಭಿಕ್ಷುಗಳು. ಬರವಣಿಗೆಯ ಊರಿನವರು ಕೂತರು, ಬೋರ್ಡು ಓದಲಾರದವನು ಎದ್ದ.

ಅಷ್ಟರಲ್ಲಿ ‘ವಡೆ, ವಡೆ’ ಅನ್ನೋ ಕೂಗು ಕೇಳಿ ಜೀವ ಬಂತು. ಕೊಂಡು ನೋಡಿದರೆ ವಡೆಯ ಮೇಲೊಂದು ಸೀಗಡಿ ಆರಾಮಾಗಿ ಮಲಗಿತ್ತು. ಅದಕ್ಕೂ ಸೀಟು ಸಿಕ್ಕಿದೆ!

ನನ್ನ ಮುಖ ನೋಡಿ ಅಜ್ಜಿಗೆ ಏನನ್ನಿಸಿತೋ, ನನ್ನ ಹೆಗಲ ಬ್ಯಾಗು ಎಳೆದುಕೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಕಾಲೇಜಿಗೆ ಹೋಗುವಾಗ ನಮ್ಮೂರ ಬಸ್ಸಿನಲ್ಲೂ ಹೀಗೇ. ಕೂತವರ ತೊಡೆಯ ಮೇಲೆ ನಿಂತವರ ಬ್ಯಾಗು. ನನ್ನ ಡಬ್ಬಿಯ ಸಾರು ಯಾರ‍್ಯಾರ ಸೀರೆಗೆ ಸೋರಿದೆಯೋ, ಯಾರೂ ಬೈದ ನೆನಪಿಲ್ಲ. ಈಗ ಮೆಟ್ರೋದಲ್ಲಿ ಬ್ಯಾಗು ಸುಮ್ನೆ ತಾಗಿದರೂ ಜನ ತಿರುಗಿ ನೋಡುತ್ತಾರೆ.

ದಂಬುಲ್ಲದವರೆಗೂ ಅಜ್ಜಿ ಅದನ್ನು ಮಗುವಿನ ಹಾಗೆ ಹಿಡಿದುಕೊಂಡಿದ್ದರು. ಒಳಗೆ ಸೀಗಡಿ ವಡೆ ಇರುವುದನ್ನು ನಾನು ಹೇಳಲಿಲ್ಲ.

ವಾಪಸ್ ಹೊರಟಾಗ ಬಸ್ಸು ಅರ್ಧ ಖಾಲಿ. ಹಿಂದಿನ ಸಾಲಿಗೆ ಹೋದೆ. ಅಲ್ಲೂ ಕಿಟಕಿಯ ಮೇಲೆ ದುಂಡಗೆ ಏನೋ ಬರೆದಿತ್ತು. ಎರಡು ಸಲ ನೋಡಿದೆ. ಕಂಬಿ ಹಿಡಿದು ನಿಂತುಕೊಂಡೆ.