ತೆವಳುವ ಸರ್ಪ, ಹಾರುವ ಓತಿ

ಹಾರುವ ಓತಿಯನ್ನು ಹುಡುಕಿ ಹೊರಟವರ ಕತೆ ಹೇಳುವ ತೇಜಸ್ವಿಯವರ ಕಾದಂಬರಿ 'ಕರ್ವಾಲೊ'ವನ್ನು (1980) ಬೈಬಲ್ಲಿನ ಏದೆನ್ ತೋಟದ ಕತೆಯ ಜೊತೆಗಿಟ್ಟು ಓದಬೇಕೆಂದಿದ್ದರೆ ದಯವಿಟ್ಟು ಹಣ್ಣಿನಿಂದ, ಅಂದರೆ ದೇವರು ಬೇಡವೆಂದರೂ ಸರ್ಪದ ಮಾತು ಕೇಳಿ ಮೊದಲ ಮನುಷ್ಯರಾದ ಆದಾಮ, ಹವ್ವ ತಿಂದ ಹಣ್ಣಿನಿಂದ, ಶುರು ಮಾಡಬೇಡಿ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 2ನೇ ಅಧ್ಯಾಯ, 19ನೇ ವಚನಕ್ಕೆ ಹೋಗಿ. ದೇವರು ಪ್ರಾಣಿಪಕ್ಷಿಗಳನ್ನೆಲ್ಲ ಆದಾಮನ ಮುಂದೆ ತಂದು ನಿಲ್ಲಿಸುತ್ತಾನೆ, ಇವನು ಏನು ಹೆಸರಿಡುತ್ತಾನೋ ನೋಡೋಣ ಅಂತ. ಅಂದರೆ ಹಣ್ಣು ಕೀಳುವ ಮೊದಲೇ ಆ ತೋಟದಲ್ಲಿ ಒಂದು ಬಗೆಯ ಅರಿವು ಇತ್ತು, ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಕಾದಂಬರಿಯಲ್ಲಿ ಬರುವ ನಮ್ಮ ಮೂಡಿಗೆರೆ ಕಡೆಯ ಮಂದಣ್ಣನದು ಈ ಅರಿವು. ಊರಿನವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು, ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬಿದ್ದವನು. ಹಾರುವ ಓತಿಯನ್ನು ಕಂಡಿದ್ದವನೂ ಅವನೇ. ಅವನೊಳಗಿನ ಹುಟ್ಟು ನಿಸರ್ಗತಜ್ಞನನ್ನು ಗುರುತಿಸಿದ್ದು ವಿಜ್ಞಾನಿ ಕರ್ವಾಲೊ. (ಇದು ಕೊಂಕಣಿ ಕ್ರೈಸ್ತರ ಮನೆತನದ ಹೆಸರು, ಪೋರ್ಚುಗೀಸಿನಿಂದ ಬಂದದ್ದು. ಅರ್ಥ ಓಕ್ ಮರ. ತೇಜಸ್ವಿ ಬೇಕೆಂದೇ ಇಟ್ಟರು ಅಂತ ನಾನು ಹೇಳುತ್ತಿಲ್ಲ.)

ಈಗ ಹಣ್ಣಿಗೆ ಬನ್ನಿ. ಆದಿಕಾಂಡ 3:6ರಲ್ಲಿ (3ನೇ ಅಧ್ಯಾಯ, 6ನೇ ವಚನ) ಹವ್ವ ಮರವನ್ನು ನೋಡಿ ಮೂರು ಲೆಕ್ಕ ಹಾಕುತ್ತಾಳೆ: ತಿನ್ನೋಕೆ ಒಳ್ಳೆಯದು, ಕಣ್ಣಿಗೆ ಚೆಂದ, ಬುದ್ಧಿ ಬರುತ್ತದೆ. ಮೂರೂ ತನಗೇನು ಸಿಗುತ್ತದೆ ಅನ್ನುವ ಲೆಕ್ಕವೇ. ತಿಂದರು, ಕಣ್ಣು ತೆರೆಯಿತು. ತೆರೆದ ಕಣ್ಣಿಗೆ ಮೊದಲು ಕಂಡದ್ದು ತಮ್ಮದೇ ಬೆತ್ತಲೆ ಮೈ. ಅಷ್ಟು ದೊಡ್ಡ ತೋಟದಲ್ಲಿ ಅವರಿಗೆ ಆಗ ಬೇಕಾದದ್ದು ಅಂಜೂರದ ಎಲೆ ಮಾತ್ರ. ಕರ್ವಾಲೊ ತಂಡದ ಕಣ್ಣು ತೆರೆದಾಗ ಕಾಣುವುದು ಮರದ ಬಣ್ಣದಲ್ಲಿ ಮರೆಯಾಗಿ ಕೂತಿದ್ದ ಇನ್ನೊಂದು ಜೀವ. ಎರಡೂ ಕತೆಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ ಅಂತ ನನಗನ್ನಿಸುತ್ತದೆ.

ಓದುವಾಗ ಎರಡು ಕಡೆ ಎಡವುತ್ತೇವೆ. ಒಂದು ಸೇಬು. ಮೂಲದಲ್ಲಿ ಹಣ್ಣಿಗೆ ಹೆಸರೇ ಇಲ್ಲ. ಲ್ಯಾಟಿನ್ನಿನಲ್ಲಿ 'ಮಾಲುಮ್' ಅಂದರೆ ಸೇಬು, ಉಚ್ಚಾರ ಸ್ವಲ್ಪ ಮೊಟಕಾದರೆ ಕೇಡು. ಸೇಬಿನ ಮಾತು ಊರಲು ಈ ಶ್ಲೇಷೆಯೂ ಕಾರಣ ಅನ್ನುತ್ತಾರೆ. ಎರಡನೆಯದು ಸೈತಾನ. ಆದಿಕಾಂಡದ ಸರ್ಪ ಬರೀ ಸರ್ಪ, ಬಲು ಯುಕ್ತಿಯದು. ಅದಕ್ಕೆ ಸೈತಾನನ ಹೆಸರು ಅಂಟಿಸುವವರು ಆಧಾರಕ್ಕೆ ಹಿಡಿಯುವುದು ಬೈಬಲ್ಲಿನ ಕೊನೆಯ ಪುಸ್ತಕವನ್ನು, ಪ್ರಕಟನೆ 12:9. ಅಲ್ಲಿ ಬರುವ ಘಟಸರ್ಪಕ್ಕೆ ಲ್ಯಾಟಿನ್ ಬೈಬಲ್ಲಿನಲ್ಲಿ 'ಡ್ರಾಕೊ' ಅನ್ನುವ ಪದವಿದೆ. ಹಾರುವ ಓತಿಗಳ ಕುಲಕ್ಕೆ ವಿಜ್ಞಾನ ಇಟ್ಟ ಹೆಸರೂ ಅದೇ! ನಮ್ಮ ಘಟ್ಟದ್ದು ಡ್ರಾಕೊ ದುಸುಮಿಯೆರಿ.

ಆದಿಕಾಂಡ 3:14ರಲ್ಲಿ ಸರ್ಪಕ್ಕೆ ಶಾಪ ಬೀಳುತ್ತದೆ: ಹೊಟ್ಟೆಯ ಮೇಲೆ ಹರಿದಾಡು, ಮಣ್ಣು ತಿನ್ನು. ನಮ್ಮ ಘಟ್ಟದ ಈ ಸರೀಸೃಪ, ಹಾರುವ ಓತಿ, ಆ ಶಾಪವನ್ನೇ ಕೇಳಿಲ್ಲ. ಉದ್ದವಾಗಿ ಬೆಳೆದ ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಯಂತೆ ಅಗಲಿಸುತ್ತದೆ, ನಡುವಿನ ಚರ್ಮ ಬಿಗಿಯುತ್ತದೆ, ಮರದಿಂದ ಮರಕ್ಕೆ ತೇಲುತ್ತದೆ. ಏದೆನ್ನಿನಲ್ಲಿ ತೋಟ ಬಿಟ್ಟು ಹೋಗಬೇಕಾದವರು ಮನುಷ್ಯರು, ಅವರು ಮರಳಿ ಬಾರದಂತೆ ದಾರಿಗೆ ಉರಿಯುವ ಕತ್ತಿಯ ಕಾವಲು. ಕಾದಂಬರಿಯ ಕೊನೆಯಲ್ಲಿ ಹೊರಟುಹೋಗುವುದು ಓತಿ. ಘಟ್ಟದ ಅಂಚಿನಿಂದ ಆಳದ ಕಣಿವೆಗೆ ತೇಲಿಕೊಳ್ಳುತ್ತದೆ, ಹುಡುಕಿ ಬಂದವರು ಬರಿಗೈಯಲ್ಲಿ ನಿಂತು ನೋಡುತ್ತಾರೆ. ಯಾರಿಗೂ ಶಿಕ್ಷೆಯಿಲ್ಲ. ಆ ಪುಟಗಳನ್ನು ದಯವಿಟ್ಟು ನಿಧಾನವಾಗಿ ಓದಿ.

ಓತಿ ನೋಡುವ ಆಸೆಯಿದ್ದರೆ ಅಡಿಕೆ ತೋಟದಲ್ಲಿ ಬಿಸಿಲೇರಿದ ಮೇಲೆ ಕಾಂಡಗಳ ಮೇಲೆ ಕಣ್ಣಿಡಿ. ಓತಿಯನ್ನೇ ಹುಡುಕಿದರೆ ಸಿಗುವುದಿಲ್ಲ, ತೊಗಟೆಯ ಬಣ್ಣವೇ ಅದರದು. ಗಂಡು ಗಂಟಲ ಕೆಳಗಿನ ಹಳದಿ ಚರ್ಮವನ್ನು ಆಗಾಗ ಚಾಚುತ್ತದೆ. ಆ ಹಳದಿಗೆ ಕಾಯಿರಿ.